ಒಟ್ಟು ವ್ಯಾಟ್ ನಂಬಿ ಕೆಡಬೇಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೆ 2002ರಿಂದ ವಿದ್ಯುತ್ ಹಂಚುತ್ತಿರುವುದು ಹೆಸ್ಕಾಂ. ಸಾಕೆಟ್ಟಿಗೆ ಬರುವ 230 ವೋಲ್ಟನ್ನು ಕಂಪ್ಯೂಟರಿಗೆ ಒಗ್ಗಿಸುವುದು ಎಸ್‌ಎಂಪಿಎಸ್. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸುವವರು ಎಸ್‌ಎಂಪಿಎಸ್ ಮೇಲೆ ಬರೆದ ಒಟ್ಟು ವ್ಯಾಟ್ ನೋಡಿ ಸುಮ್ಮನಾಗುತ್ತಾರೆ. ಆ ಅಂಕಿಯೊಂದೇ ಸಾಲದೆಂಬುದಕ್ಕೆ ಈ ಪೆಟ್ಟಿಗೆಯ ಇತಿಹಾಸವೇ ಸಾಕ್ಷಿ. 1981ರ ಐಬಿಎಂ ಪಿಸಿಗೆ 63.5 ವ್ಯಾಟ್ ಸಾಕಿತ್ತು. ಅದರಲ್ಲಿ ಹೆಚ್ಚಿನ ಪಾಲು 5 ವೋಲ್ಟಿನದು. 1995ರ ಎಟಿಎಕ್ಸ್ ಮಾನದಂಡ 3.3 ವೋಲ್ಟನ್ನೂ ಸೇರಿಸಿತು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡುಗಳ ಬೇಡಿಕೆ ಬೆಳೆದಂತೆ ಭಾರವೆಲ್ಲ 12 ವೋಲ್ಟಿಗೆ ಸರಿಯಿತು. ವೋಲ್ಟ್ ಹೆಚ್ಚಿದ್ದರೆ ಅಷ್ಟೇ ವ್ಯಾಟಿಗೆ ಕಡಿಮೆ ಆಂಪಿಯರ್ ಸಾಕು, ತಂತಿ ಕಾಯುವುದೂ ಕಡಿಮೆ. ಹಾಗಾಗಿ ಹಳೆಯ ಮಾದರಿಯ ಎಸ್‌ಎಂಪಿಎಸ್ ಒಟ್ಟಿನಲ್ಲಿ ದೊಡ್ಡದಾಗಿ ಕಂಡರೂ ಕಾರ್ಡಿಗೆ ಬೇಕಾದಲ್ಲಿ ಬಡವ.

ಅತಿ ದೊಡ್ಡದನ್ನೇ ಕೊಂಡರಾಯಿತಲ್ಲ ಎನ್ನಬಹುದು. ಅದರ ಅಗತ್ಯವಿಲ್ಲ. 170 ವ್ಯಾಟಿನ ಆರ್‌ಟಿಎಕ್ಸ್ 3060ಕ್ಕೆ ತಯಾರಕರು ಸೂಚಿಸುವ 550 ವ್ಯಾಟಿನಲ್ಲಿ ಪ್ರೊಸೆಸರಿನ ಪಾಲೂ ಕ್ಷಣಿಕ ಏರಿಕೆಗೆ ಬಿಟ್ಟ ಜಾಗವೂ ಸೇರಿದೆ. 2022ರ ಎಟಿಎಕ್ಸ್ 3.0 ಅಂಥ ಏರಿಕೆಯನ್ನು ತಾಳುವುದನ್ನೇ ನಿಯಮವಾಗಿಸಿತು. ಯುಪಿಎಸ್ ಇದ್ದರೆ ಸಾಲದೇ? ಅದು ಕರೆಂಟ್ ಹೋದಾಗ ಕಾಯುತ್ತದೆ, ಒಳಗಿನ 12 ವೋಲ್ಟಿನ ಕೊರತೆಯನ್ನು ತುಂಬದು. ಬೈಲಹೊಂಗಲದ ಡಿಟಿಪಿ ಅಂಗಡಿಯಾಗಲಿ, ರಾಮದುರ್ಗದ ಸ್ಟುಡಿಯೊ ಆಗಲಿ, ಮೊದಲು ಓದಬೇಕಾದದ್ದು ಲೇಬಲ್ಲಿನ 12 ವೋಲ್ಟ್ ಸಾಲಿನ ಆಂಪಿಯರ್.