ಮಾಯಾಲೋಕದಲ್ಲಿ ಅಮೀರ್ ಹಂಝಾ

ಪ್ರವಾದಿ ಮುಹಮ್ಮದ್(ಸ)ರ ಚಿಕ್ಕಪ್ಪ ಹಝ್ರತ್ ಹಂಝಾ(ರ) ಕ್ರಿ.ಶ. 625ರಲ್ಲಿ ಉಹುದ್ ಯುದ್ಧದಲ್ಲಿ ಹುತಾತ್ಮರಾದರು. ಇದು ಇತಿಹಾಸ. ಅದೇ ಹೆಸರಿನ ವೀರ ಇರಾನಿನ ದೊರೆ ನೌಶೇರ್ವಾನನ ಆಸ್ಥಾನದಲ್ಲಿ ಮೆರೆಯುತ್ತಾನೆ, ಪರಿಗಳ ನಾಡಿಗೆ ಹೋಗುತ್ತಾನೆ, ಮಾಂತ್ರಿಕರೊಡನೆ ಸೆಣಸುತ್ತಾನೆ. ಇದು 'ದಾಸ್ತಾನೆ ಅಮೀರ್ ಹಂಝಾ' ಎಂಬ ಕಥೆ. ನಿಜವಾದ ನೌಶೇರ್ವಾನ್ 579ರಲ್ಲಿ ತೀರಿಕೊಂಡಾಗ ಹಂಝಾ ಇನ್ನೂ ಬಾಲಕರು!

ಪರ್ಶಿಯನ್ ಭಾಷೆಯಲ್ಲಿ ಭಾರತಕ್ಕೆ ಬಂದ ಈ ಕಥೆಗೆ ಅಕ್ಬರ್ ಸುಮಾರು 1,400 ಚಿತ್ರಗಳನ್ನು ಬರೆಸಿದ. ಲಕ್ನೋದ ಕಥೆಗಾರರು ಉರ್ದುವಿನಲ್ಲಿ ಅದನ್ನು ಬೆಳೆಸುತ್ತಾ ಹೋದರು. ಮುಹಮ್ಮದ್ ಹುಸೇನ್ ಜಾಹ್ ಬರೆದ 'ತಿಲಿಸ್ಮೆ ಹೋಶ್‌ರುಬಾ'ದ ಮೊದಲ ಸಂಪುಟ 1883ರಲ್ಲಿ ಬಂತು. ಅದರ ಮಾಂತ್ರಿಕ ದೊರೆ ಅಫ್ರಾಸಿಯಾಬನ ಹೆಸರು 'ಶಾಹನಾಮೆ'ಯದು. ಹಂಝಾನ ಗೆಳೆಯ ಅಮರ್‌ನ ಜೋಳಿಗೆಯಲ್ಲಿ ಊರಿಗೆ ಊರೇ ಹಿಡಿಸುತ್ತದೆ. ಹಂಝಾ ಕಥಾಮಾಲೆಯ 46 ಸಂಪುಟಗಳನ್ನು ಅಚ್ಚು ಹಾಕಿದ್ದು ಹಿಂದೂ ಪ್ರಕಾಶಕ ಮುನ್ಶಿ ನವಲ್ ಕಿಶೋರ್ ಸ್ಥಾಪಿಸಿದ ಮುದ್ರಣಾಲಯ. ಕುರ್‌ಆನ್ ಕೂಡಾ ಅಲ್ಲೇ ಅಚ್ಚಾಗುತ್ತಿತ್ತು.

ಹಾಗಾದರೆ ಕೇಳುಗರು ಇದನ್ನೆಲ್ಲ ಇತಿಹಾಸವೆಂದು ನಂಬಿದ್ದರೇ? ಕವಿ ಗಾಲಿಬ್‌ರನ್ನು ನೋಡಿ. 1850ರಲ್ಲಿ ಬಹಾದುರ್ ಷಾ ಝಫರ್ ಅವರಿಗೆ ಮೊಘಲ್ ವಂಶದ ಇತಿಹಾಸ ಬರೆಯುವ ಹೊಣೆ ವಹಿಸಿದರು. ಅದೇ ಗಾಲಿಬ್‌ಗೆ ದಾಸ್ತಾನುಗಳೆಂದರೆ ಪ್ರಾಣ. ಎರಡನ್ನೂ ಸವಿದರು, ಬೆರೆಸಲಿಲ್ಲ.

ಕೊನೆಯ ದಾಸ್ತಾನ್‌ಗೋ ಎನಿಸಿದ ದೆಹಲಿಯ ಮೀರ್ ಬಾಕರ್ ಅಲಿ 1928ರಲ್ಲಿ ತೀರಿಕೊಂಡರು. 2005ರಲ್ಲಿ ಮಹಮೂದ್ ಫಾರೂಕಿ ಈ ಕಲೆಗೆ ಮತ್ತೆ ಜೀವ ಕೊಟ್ಟರು. ಕಥೆಯನ್ನೇ ಚರಿತ್ರೆಯೆಂದು ಬಗೆದು ಜನ ಬೀದಿಗಿಳಿಯುವ ಈ ದಿನಗಳಲ್ಲಿ, ದಾಸ್ತಾನಿನ ಜೊತೆಗೆ ಆ ಹಳೆಯ ಕೇಳುಗರ ವಿವೇಕವೂ ಮರಳಿ ಬರಬೇಕಾಗಿದೆ.