ಕೈಹೊಲಿಗೆಯ ತೊಗಲು ಬೆಲ್ಟು

ಹದಮಾಡಿದ ದಪ್ಪ ತೊಗಲನ್ನು ಪಟ್ಟಿಯಾಗಿ ಸೀಳಿ, ಒಂದು ತುದಿಗೆ ಬಕಲ್ ಕೂರಿಸಿ, ಮೇಣ ಸವರಿದ ದಾರದಿಂದ ಕೈಯಲ್ಲೇ ಹೊಲಿದು ಮಾಡುವ ನಡುಪಟ್ಟಿ. ಯಂತ್ರದ ಅಗತ್ಯವಿಲ್ಲದ್ದರಿಂದ ಇದು ಮನೆಯಲ್ಲೇ ಮಾಡಬಹುದಾದ ಕೆಲಸ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಬೆಲ್ಟು ತಯಾರಿಕೆ ಪ್ರತ್ಯೇಕ ಕಸುಬಾಗಿ ಬೆಳೆದಂತೆ ಕಾಣುವುದಿಲ್ಲ. ಅದಕ್ಕೆ ಬೇಕಾದ ಕೈಚಳಕ ಮಾತ್ರ ಬೇಸಾಯದ ತೊಗಲು ಸಾಮಾನಿನಲ್ಲಿ ಹಿಂದಿನಿಂದಲೂ ಇತ್ತು.

ಹಿನ್ನೆಲೆ

ಎತ್ತುಗಳಿಂದ ನೀರೆತ್ತುವ ಕಪಿಲೆ ಬಾವಿಯ ಬಾನಿಗೆ ಜೋಡಿಸುವ ಸೊಂಡಿಲಿನಂಥ ತೊಗಲು ಕೊಳವೆ, ನೊಗದ ಮಿಣಿ, ಬಾರುಕೋಲು, ಮೆಟ್ಟು, ಎತ್ತಿನ ಕೊರಳ ಗೆಜ್ಜೆಪಟ್ಟಿ ಇವೆಲ್ಲ ಹಳೇ ಮೈಸೂರಿನ ಊರುಗಳಲ್ಲಿ ಮಾದಿಗ ಸಮುದಾಯದ ಕುಶಲಿಗಳ ಕೈಯಲ್ಲಿ ತಯಾರಾಗುತ್ತಿದ್ದವು. ಇವುಗಳಲ್ಲಿ ಗೆಜ್ಜೆಪಟ್ಟಿಯೇ ಬೆಲ್ಟಿಗೆ ಅತಿ ಹತ್ತಿರದ್ದು. ಸೀಳಿದ ಪಟ್ಟಿ, ಒತ್ತು ಹೊಲಿಗೆ, ಹಿತ್ತಾಳೆಯ ಜೋಡಣೆ ಎರಡಕ್ಕೂ ಸಮಾನ. ಹಳ್ಳಿಕಾರ್ ಎತ್ತುಗಳು ಸೇರುವ ಕೆಂಗಲ್ಲಿನ ಅಯ್ಯನಗುಡಿ ಜಾತ್ರೆ ಮತ್ತು ಮಾಗಡಿ ರಂಗನಾಥಸ್ವಾಮಿ ಜಾತ್ರೆಯಂಥ ದನದ ಜಾತ್ರೆಗಳು ಇಂಥ ಸಾಮಾನಿನ ಸಹಜ ಮಾರುಕಟ್ಟೆಗಳು. ಪಂಚೆಯ ಮೇಲೆ ಬಿಗಿಯುವ, ಹಣವಿಡಲು ಜೇಬುಳ್ಳ ಅಗಲ ಬೆಲ್ಟನ್ನು ರೈತರೂ ದನದ ವ್ಯಾಪಾರಿಗಳೂ ಬಹುಕಾಲ ಬಳಸಿದ್ದಾರೆ.

ಈ ಕೌಶಲದ ಚರಿತ್ರೆಯನ್ನು ಜಾತಿಯ ಚರಿತ್ರೆಯಿಂದ ಬೇರ್ಪಡಿಸಲಾಗದು. ಸತ್ತ ದನ ಸುಲಿಯುವುದು, ತೊಗಲು ಹದಮಾಡುವುದು ಒಂದು ಸಮುದಾಯದ ಮೇಲೆ ಹೊರಿಸಿದ ದುಡಿಮೆಯಾಗಿತ್ತು. ಅದಕ್ಕೆ ಸಿಗುತ್ತಿದ್ದುದು ಸುಗ್ಗಿಯ ಕಾಳಿನ ಪಾಲು, ಜೊತೆಗೆ ಅಸ್ಪೃಶ್ಯತೆ. ಇಪ್ಪತ್ತನೆಯ ಶತಮಾನದಲ್ಲಿ ಅನೇಕ ಕುಟುಂಬಗಳು ಈ ಕೆಲಸವನ್ನು ಬಿಟ್ಟುದನ್ನು ಕಸುಬಿನ ಅಳಿವೆಂದು ಮಾತ್ರ ಬರೆಯುವುದು ಸರಿಯಲ್ಲ. ಅದರಲ್ಲಿ ಬಿಡುಗಡೆಯೂ ಇದೆ. ಶರಣ ಪರಂಪರೆಯಲ್ಲಿ ಮಾದಾರ ಚೆನ್ನಯ್ಯ, ಹರಳಯ್ಯ ಇದೇ ಕಾಯಕದವರು. ಚೆನ್ನಯ್ಯನ ವಚನಾಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಟಗಳ ಹೆಸರುಗಳಿವೆ.

ತೊಗಲಿನ ಹದ

ಬೆಲ್ಟಿನ ಗುಣ ಹೊಲಿಗೆಗಿಂತ ಮೊದಲು ಹದದಲ್ಲಿ ನಿಶ್ಚಯವಾಗುತ್ತದೆ. ಈ ಸೀಮೆಯ ಒಣ ಬಯಲಿನಲ್ಲಿ ತಾನಾಗಿ ಬೆಳೆಯುವ, ಹಳದಿ ಹೂವಿನ ತಂಗಡಿ ಗಿಡದ ತೊಗಟೆ ದಕ್ಷಿಣ ಭಾರತದ ಮುಖ್ಯ ಹದದ್ರವ್ಯವಾಗಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಸುತ್ತಿನ ಹದಗಾರಿಕೆಯನ್ನು ದಾಖಲಿಸಿದ್ದಾನೆ. ಹಳೆಯ ಕ್ರಮದಲ್ಲಿ ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಹೆರೆದು, ಸುಣ್ಣ ಹೋಗುವಂತೆ ತೊಳೆದು, ತೊಗಟೆಯ ರಸದಲ್ಲಿ ಇಡುತ್ತಾರೆ. ಹಳ್ಳಿಗಳಲ್ಲಿ ತೊಗಲನ್ನೇ ಚೀಲವಾಗಿ ಹೊಲಿದು, ಒಳಗೆ ತೊಗಟೆಯ ಚೂರು ಮತ್ತು ರಸ ತುಂಬಿ ತೂಗುಹಾಕುವ ರೂಢಿಯೂ ಇತ್ತು. ರಸ ಒಸರುತ್ತಾ ತೊಗಲಿನ ದಪ್ಪವನ್ನೆಲ್ಲ ಹಾಯುತ್ತದೆ. ಕೊನೆಗೆ ಅಳಲೆಕಾಯಿಯ ರಸ ಬಣ್ಣವನ್ನು ತಿಳಿಯಾಗಿಸುತ್ತದೆ. ತೊಗಟೆಯ ಟ್ಯಾನಿನ್ ತೊಗಲಿನ ನಾರುಗಳಿಗೆ ಬೆಸೆದುಕೊಂಡು ಅವು ಕೊಳೆಯದಂತೆ ತಡೆಯುತ್ತದೆ. ತೊಗಲು ಗಟ್ಟಿಯಾಗಿ, ಅಂಚು ಉಜ್ಜಿದರೆ ಹೊಳೆಯುವಂತಾಗುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಎಂಜಿನಿಯರ್ ಆಲ್‌ಫ್ರೆಡ್ ಚಾಟರ್ಟನ್ ಮದರಾಸಿನಲ್ಲಿ ಕ್ರೋಮಿಯಂ ಲವಣಗಳಿಂದ ಮಾಡುವ ಕ್ರೋಮ್ ಹದವನ್ನು ಬಳಕೆಗೆ ತಂದರು. ಕ್ರೋಮ್ ತೊಗಲು ನೀರಿಗೆ ಜಗ್ಗದು ಎಂಬುದೇ ಬಾವಿಯ ತೊಗಲು ಸಾಮಾನಿಗೆ ಅದನ್ನು ಪ್ರಯೋಗಿಸಲು ಕಾರಣ. ಅವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ಆಮದಾದ ವ್ಯಾಟಲ್ ತೊಗಟೆ ತಂಗಡಿಯನ್ನು ಬಹುಮಟ್ಟಿಗೆ ಹಿಂದಕ್ಕೆ ತಳ್ಳಿತು. ಕ್ರೋಮ್ ತೊಗಲು ಮೆತ್ತಗಿದ್ದು ಹೆಚ್ಚು ಹಿಗ್ಗುವುದರಿಂದ ಒಂಟಿ ಪದರದ ಬೆಲ್ಟಿಗೆ ಸಾಮಾನ್ಯವಾಗಿ ಒಗ್ಗದು. ಕತ್ತರಿಸಿದ ಅಂಚು ನಡುವಿನಲ್ಲಿ ನೀಲಿ-ಬೂದಾಗಿದ್ದರೆ ಬಹುಶಃ ಕ್ರೋಮ್, ಉದ್ದಕ್ಕೂ ಕಂದಾಗಿದ್ದರೆ ತೊಗಟೆ ಹದ.

ತಯಾರಿಕೆ

ಬೆನ್ನಿನ ಭಾಗದ, 3.5ರಿಂದ 4 ಮಿ.ಮೀ. ದಪ್ಪದ ದನ ಅಥವಾ ಎಮ್ಮೆ ತೊಗಲು ಯೋಗ್ಯ. ಹೊಟ್ಟೆಯ ಭಾಗ ಹಿಗ್ಗುತ್ತದೆ. ಬೆನ್ನುಮೂಳೆಗೆ ಸಮಾನಾಂತರವಾಗಿ 32ರಿಂದ 38 ಮಿ.ಮೀ. ಅಗಲದ ಪಟ್ಟಿ ಸೀಳಬೇಕು. ಉದ್ದವನ್ನು ಪ್ಯಾಂಟಿನ ಅಳತೆಯಿಂದ ಊಹಿಸದೆ, ಬಳಸುತ್ತಿರುವ ಬೆಲ್ಟಿನ ಬಕಲ್ ಮಡಿಕೆಯಿಂದ ರೂಢಿಯ ತೂತಿನವರೆಗೆ ಅಳೆದು, ಬಾಲಕ್ಕೂ ಮಡಿಕೆಗೂ ಬೇರೆಯಾಗಿ ಸೇರಿಸುವುದು ನಂಬಲರ್ಹ ಕ್ರಮ. 25 ಮಿ.ಮೀ. ಅಂತರದಲ್ಲಿ ಐದು ಅಥವಾ ಏಳು ತೂತು ಹಾಕಿ, ನಡುವಿನದನ್ನು ನಿಜ ಅಳತೆಗೆ ಇಡುತ್ತಾರೆ. ಬಕಲಿನ ತುದಿಯನ್ನು ತೊಗಲು ಹೆರೆಯುವ ಕತ್ತಿಯಾದ ರಂಪಿಗೆಯಿಂದ ಅರ್ಧ ದಪ್ಪಕ್ಕೆ ಹೆರೆದು, ನಾಲಗೆಗೆ ಉದ್ದನೆಯ ಸೀಳು ಕೊಯ್ದು, ಒದ್ದೆಮಾಡಿ ಮಡಿಸುತ್ತಾರೆ. ಟ್ಯಾನಿನ್‌ಗೆ ಕಬ್ಬಿಣ ತಗುಲಿದರೆ ಕಪ್ಪು ಕಲೆ ಬೀಳುವುದರಿಂದ ಹಿತ್ತಾಳೆ ಬಕಲ್ ಮೇಲು.

ಹೊಲಿಗೆಯ ಸಾಲನ್ನು ಅಂಚಿನಿಂದ 3–4 ಮಿ.ಮೀ. ಒಳಗೆ ಗೀರಿ, 4–5 ಮಿ.ಮೀ.ಗೊಂದರಂತೆ ಆರೆಯಿಂದ ಚುಚ್ಚುತ್ತಾರೆ. ಸಾಲಿನ ಸುಮಾರು ನಾಲ್ಕು ಪಟ್ಟು ಉದ್ದದ, ಜೇನುಮೇಣ ಸವರಿದ ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಪ್ರತಿ ತೂತಿನಲ್ಲೂ ಎರಡೂ ಸೂಜಿಗಳನ್ನು ಎದುರುಬದುರಾಗಿ ಹಾಯಿಸುವುದು ಜೀನುಗಾರರ ಹೊಲಿಗೆ. ಯಂತ್ರದ ಹೊಲಿಗೆಯಲ್ಲಿ ಎರಡು ದಾರಗಳು ನಡುವೆ ಕೊಂಡಿ ಹಾಕಿಕೊಂಡಿರುತ್ತವೆ. ಒಂದು ಹರಿದರೆ ಸಾಲು ಬಿಚ್ಚತೊಡಗುತ್ತದೆ. ಕೈಹೊಲಿಗೆಯಲ್ಲಿ ಒಂದು ಎಳೆ ಸವೆದು ಹೋದರೂ ಇನ್ನೊಂದು ಎಳೆ ಪ್ರತಿ ತೂತನ್ನೂ ಹಿಡಿದಿರುತ್ತದೆ. ಸೂಜಿಗಳ ಕ್ರಮ ಮೊದಲಿಂದ ಕೊನೆವರೆಗೆ ಬದಲಾಗಬಾರದು. ಇಲ್ಲವಾದರೆ ಹೊಲಿಗೆಯ ಓರೆ ಕೆಡುತ್ತದೆ. ಕೊನೆಯಲ್ಲಿ ಎರಡು-ಮೂರು ತೂತು ಹಿಂದಕ್ಕೆ ಹೊಲಿದರೆ ಗಂಟು ಬೇಡ.

ಅಂಚನ್ನು ಕೊಂಚ ಒದ್ದೆಮಾಡಿ, ತೋಡು ಕೊರೆದ ಮರದ ತುಂಡಿನಿಂದ ಬಿಸಿಯಾಗುವವರೆಗೆ ಉಜ್ಜಿ, ಮೇಣ ಹಿಡಿಸುತ್ತಾರೆ. ಚನ್ನಪಟ್ಟಣದ ಗೊಂಬೆಗಾರರು ಚರಕಿಯಲ್ಲಿ ತಿರುಗುವ ಹಾಲೆ ಮರಕ್ಕೆ ಅರಗನ್ನು ಒತ್ತಿದಾಗ ತಿಕ್ಕಾಟದ ಬಿಸಿಗೇ ಅದು ಕರಗಿ ಹಿಡಿಯುವಂತೆ ಇಲ್ಲಿಯೂ ಆಗುತ್ತದೆ. ಹಾಲೆ ಮರದ ನಯವಾದ ಎಳೆ ಇಂಥ ಉಜ್ಜುಗೋಲಿಗೂ ಹೊಂದುತ್ತದೆ.

ಆರೈಕೆ

ಒಣಗಿದ ತೊಗಲಿಗೆ ಹರಳೆಣ್ಣೆಯನ್ನು ತೆಳ್ಳಗೆ ಸವರಬಹುದು. ಹೆಚ್ಚಾದರೆ ಪಟ್ಟಿ ಜೋಲುತ್ತದೆ. ಒದ್ದೆಯಾದದ್ದನ್ನು ನೆರಳಲ್ಲಿ ಆರಿಸಬೇಕು. ದಾರ ಸವೆದಾಗ ಹಳೆಯ ತೂತುಗಳಲ್ಲೇ ಮತ್ತೆ ಹೊಲಿಯಬಹುದು.