ಒಂದೇ ಹಾಡು, ಎರಡು ನಡೆ: ಕಂಟ್ರಿ ಮತ್ತು ರಾಕ್ ಆಂಡ್ ರೋಲ್‌ಗಳ ಭಾವಭೇದ

ಕಂಟ್ರಿ ಸಂಗೀತ ಅಳಿಸುತ್ತದೆ, ರಾಕ್ ಆಂಡ್ ರೋಲ್ ಕುಣಿಸುತ್ತದೆ ಎಂಬ ಮಾತಿಗೆ ಸಾಮಾನ್ಯವಾಗಿ ಹಾಡಿನ ವಸ್ತುವನ್ನೇ ಆಧಾರವಾಗಿ ಕೊಡುತ್ತಾರೆ: ಒಂದರಲ್ಲಿ ಅಗಲಿಕೆ, ಕುಡಿತ, ಸಾವು, ಇನ್ನೊಂದರಲ್ಲಿ ಹರೆಯ, ಕಾರು, ಕುಣಿತ. ಈ ವಿವರಣೆ ಸಾಲದು ಎನ್ನಲು 'ಬ್ಲೂ ಮೂನ್ ಆಫ್ ಕೆಂಟಕಿ' ಎಂಬ ಹಾಡೊಂದೇ ಸಾಕು. ಎರಡೂ ಪರಂಪರೆಗಳಲ್ಲಿ ಅದರ ಸಾಹಿತ್ಯ ಬಹುಪಾಲು ಒಂದೇ, ಭಾವ ಬೇರೆ.

1946ರಲ್ಲಿ ಕಂಟ್ರಿ ಗಾಯಕ ಬಿಲ್ ಮನ್ರೋ ಇದನ್ನು ಧ್ವನಿಮುದ್ರಿಸಿದಾಗ ಅದು ಮೂರೆಣಿಕೆಯ ವಾಲ್ಟ್ಸ್. ಬಿಟ್ಟುಹೋದವಳ ಮೇಲೆ ಬೆಳಕು ಚೆಲ್ಲೆಂದು ಚಂದ್ರನನ್ನು ಬೇಡುವ ವಿರಹಿಯ ಹಾಡು. ಮನ್ರೋನ ತಾರಸ್ಥಾಯಿಯ ದನಿ ಸ್ವರಗಳನ್ನು ಎಳೆದು ನಿಲ್ಲಿಸುತ್ತದೆ. ದುಃಖದಿಂದ ಹೊರಬರುವ ಅವಸರ ಹಾಡುಗನಿಗೂ ಇಲ್ಲ, ಕೇಳುಗನಿಗೂ ಇಲ್ಲ. ನಮ್ಮ ಕಾವ್ಯಮೀಮಾಂಸೆಯ ಪ್ರಕಾರ ಇದು ವಿಪ್ರಲಂಭ ಶೃಂಗಾರ, ಅಂದರೆ ಅಗಲಿಕೆಯ ಪ್ರೇಮರಸ. ಚಂದ್ರ ಉದ್ದೀಪನ ವಿಭಾವ, ಆ ಭಾವವನ್ನು ಕೆರಳಿಸುವ ನೆಪ.

1954ರ ಜುಲೈಯಲ್ಲಿ ಮೆಂಫಿಸ್ ನಗರದ ಸ್ಯಾಮ್ ಫಿಲಿಪ್ಸ್‌ನ ಸ್ಟುಡಿಯೋದಲ್ಲಿ 19 ವರ್ಷದ ಎಲ್ವಿಸ್ ಪ್ರೀಸ್ಲಿ ಇದೇ ಹಾಡನ್ನು ಕೈಗೆತ್ತಿಕೊಂಡ. ಬಿಡುಗಡೆಯಾದ ಅವನ ಮೊದಲ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಕಪ್ಪು ಗಾಯಕ ಆರ್ಥರ್ ಕ್ರೂಡಪ್‌ನ ಬ್ಲೂಸ್, ಇನ್ನೊಂದರಲ್ಲಿ ಮನ್ರೋನ ಈ ಹಾಡು: ರಾಕ್ ಆಂಡ್ ರೋಲ್‌ನ ವಂಶಾವಳಿಯೇ ಅಲ್ಲಿದೆ. ಮನ್ರೋನ ಹಾಡಿನ ನಿಧಾನಗತಿಯ ಒಂದು ಪ್ರಯತ್ನವೂ ಟೇಪಿನಲ್ಲಿ ಉಳಿದಿದೆ. ಕೊನೆಗೆ ಹೊರಬಂದದ್ದು ನಾಲ್ಕೆಣಿಕೆಯ ಬಿರುಸಿನ ಹಾಡು. ಡ್ರಮ್ ಇಲ್ಲ, ಬಿಲ್ ಬ್ಲ್ಯಾಕ್ ಬಾಸ್ ತಂತಿಗಳನ್ನು ಬಡಿದೇ ತಾಳ ಹುಟ್ಟಿಸುತ್ತಾನೆ. ಎಲ್ವಿಸ್ ಪಲ್ಲವಿಯ ಮೊದಲ ಪದಗಳನ್ನು ತುಂಡರಿಸಿ ಮತ್ತೆ ಮತ್ತೆ ಎಸೆಯುತ್ತಾನೆ, ಪ್ರತಿಧ್ವನಿ ಅವನ್ನು ಮರಳಿ ಚಿಮ್ಮಿಸುತ್ತದೆ. ಚಂದ್ರನೂ ಇದ್ದಾನೆ, ಹೋದವಳೂ ಹೋಗಿಯೇ ಇದ್ದಾಳೆ. ಆದರೆ ಬೇಡಿಕೆ ಅಡಗಿ ಉತ್ಸಾಹವೇ ಸ್ಥಾಯಿಭಾವವಾಗಿದೆ. ನೋವು ಮಾಯವಾಗಿಲ್ಲ, ಮೈಯ ಚಲನೆಯಾಗಿ ಹರಿದಿದೆ.

ವಸ್ತುವಿಗಿಂತ ನಡೆಯೇ ಭಾವವನ್ನು ಬದಲಿಸುತ್ತದೆ ಎಂಬ ನನ್ನ ವಾದಕ್ಕೆ ಅತ್ಯಂತ ಬಲವಾದ ಸಾಕ್ಷ್ಯ ಮನ್ರೋನೇ ಒದಗಿಸಿದ್ದಾನೆ. ಅದೇ ವರ್ಷ ಅವನು ಹಾಡನ್ನು ಮತ್ತೆ ಧ್ವನಿಮುದ್ರಿಸಿದ: ವಾಲ್ಟ್ಸ್‌ನಲ್ಲಿ ಆರಂಭಿಸಿ, ನಡುವೆ ನಾಲ್ಕೆಣಿಕೆಗೆ ಹಾರಿದ. ಒಬ್ಬನೇ ಗಾಯಕ, ಒಂದೇ ಸಾಹಿತ್ಯ. ನಡೆ ಬದಲಾದೊಡನೆ ಭಾವವೂ ಬದಲಾಗುವುದನ್ನು ಇಲ್ಲಿ ಕಿವಿಯಾರೆ ಕೇಳಬಹುದು.

1956ರ 'ಹಾರ್ಟ್‌ಬ್ರೇಕ್ ಹೋಟೆಲ್' ಇದಕ್ಕೆ ಅಪವಾದವಲ್ಲವೇ ಎಂದು ಕೇಳಬಹುದು. ಎಲ್ವಿಸ್‌ನ ಆ ಹಾಡು ನಿಧಾನದ್ದು, ಅದರ ಶೋಕವೂ ನಿಜವಾದದ್ದು. ಹಾಗಾಗಿ ನಡೆಯೊಂದೇ ಸಾಲದು, ಹೇಳುವ ಬಗೆಯೂ ಮುಖ್ಯ. ಅಲ್ಲಿ ಭಗ್ನಪ್ರೇಮಿಗಳೆಲ್ಲ ಸೇರುವ ಕಲ್ಪಿತ ಹೋಟೆಲೊಂದರ ರೂಪಕವಿದೆ. ಒಬ್ಬ ಮನುಷ್ಯನ ಬಾಳಕಥೆಯಿಲ್ಲ. ಕಂಟ್ರಿ ಆ ಕಥೆಯನ್ನು ಬಿಡುವುದಿಲ್ಲ. ಜಾರ್ಜ್ ಜೋನ್ಸ್‌ನ 1980ರ 'ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ'ಯಲ್ಲಿ ಅಗಲಿದ ಪ್ರೇಯಸಿಯ ಹಳೆಯ ಪತ್ರಗಳಿವೆ, ಗೋಡೆಯ ಮೇಲೆ ಅವಳ ಚಿತ್ರವಿದೆ. ಸತ್ತ ಪ್ರೇಮಿಯನ್ನು ನೋಡಲು ಅವಳು ಬಂದ ಸಂಗತಿಯನ್ನು ಜೋನ್ಸ್ ಹಾಡದೆ ಬರಿಯ ಮಾತಿನಲ್ಲಿ ಹೇಳುತ್ತಾನೆ. ಕಥೆಗಾಗಿ ರಾಗವನ್ನೇ ಬದಿಗಿಡುವ ಈ ಧೈರ್ಯದಲ್ಲಿ ಕಂಟ್ರಿಯ ಭಾವಶಕ್ತಿಯ ಬಹುಪಾಲು ಇದೆಯೆಂದು ನಾನು ತಿಳಿಯುತ್ತೇನೆ.